ಖಾಲಿ

ಹಡಗು ಹತ್ತಿದ ಮೊದಲ ವಾರ ಪ್ರೇರಣಾ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೇ ಒಪ್ಪಿಸಿದಳು. ಅಕಿವಾಟದ ಹುಡುಗಿ, ಕೃಷ್ಣೆಯ ಮಹಾಪೂರ ಕಂಡವಳು ನಾನು, ನೀರಿಗೆ ಅಂಜುತ್ತೇನೆಯೇ ಎಂದು ಊರೆಲ್ಲ ಜಂಬ ಕೊಚ್ಚಿ ಬಂದಿದ್ದಳು. ಸಮುದ್ರ ಸಂಶೋಧನೆಯ ಹಡಗು ಆ ಜಂಬವನ್ನು ಚೆನ್ನಾಗಿಯೇ ಇಳಿಸಿತು. ಅವಳನ್ನು ಉಳಿಸಿದವರು ಮಲ್ಲಾರಿ ಕಾಕಾ. ಅವಳೂರಿನಂತೆಯೇ ಕನ್ನಡ, ಮರಾಠಿ ಬೆರೆತ ಗಡಿಯೂರು ಗಡಹಿಂಗ್ಲಜದವರು, ಉಕ್ಕಿನ ಹಗ್ಗ ಇಳಿಸಿ ಎತ್ತುವ ವಿಂಚ್ ನಡೆಸುವವರು. ಹಡಗಿನಲ್ಲಿ ಅವಳ ಮಾತು ಬಲ್ಲವರು ಅವರೊಬ್ಬರೇ.

"ಒಣಾ ರೊಟ್ಟಿ ಕಟಕಟ ತಿನ್ನು, ತಂಗಿ. ಹೊಟ್ಟಿ ನಿಲ್ತೈತಿ," ಎಂದಿದ್ದರು. ನಿಂತಿತು.

ವಾಕಿಟಾಕಿಯಲ್ಲಿ ಇಂಗ್ಲಿಷೇ ಆಡಬೇಕೆಂಬುದು ಹಡಗಿನ ಕಟ್ಟಪ್ಪಣೆ. ಇವರಿಬ್ಬರೂ ಅದನ್ನು ಗಾಳಿಗೆ ತೂರಿದ್ದರು. ಅರ್ಧ ಕನ್ನಡ, ಅರ್ಧ ಮರಾಠಿ. ಯಾವುದು ಎಲ್ಲಿ ಮುಗಿಯಿತೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅವಳಿಗೆ ಮನೆಯಲ್ಲೇ ಇದ್ದಂತೆ.

ಆ ಮಧ್ಯಾಹ್ನ ಗಾಳಿ ಜೋರಾಗಿತ್ತು. ಆಳದ ನೀರು ತುಂಬಿ ತರುವ ಬಾಟಲಿಗಳ ಭಾರೀ ಕಬ್ಬಿಣದ ಚೌಕಟ್ಟು ಮೇಲೆ ಬಂದು ಡೆಕ್ಕಿನಿಂದ ಗೇಣೆತ್ತರದಲ್ಲಿ ತೂಗುತ್ತಿತ್ತು. ಅದರಡಿ ದಾರವೊಂದು ಸಿಕ್ಕಿಕೊಂಡಿತ್ತು. ಎಲ್ಲರೂ ದಾದಾ ಎನ್ನುವ ಬಂಗಾಳಿ ತಂತ್ರಜ್ಞರು ಅದನ್ನು ಬಿಡಿಸಲು ಮಂಡಿಯೂರಿ ಕೆಳಗೆ ಕೈ ಹಾಕಿದರು. ಮಲ್ಲಾರಿ ಕೂತ ಕೋಣೆಯಿಂದ ಅದು ಕಾಣದು. ಪ್ರೇರಣಾ ಹೇಳಿದ್ದೇ ಅವರಿಗೆ ಕಣ್ಣು.

ಕೊನೆಯ ಬಾಟಲಿ ತುಂಬಿದೆಯೇ ನೋಡು ಎಂದು ದಾದಾ ಹಿಂದಿಯಲ್ಲಿ ಕೂಗಿದರು. ಅವಳು ಬಗ್ಗಿ ನೋಡಿದಳು, ಹನಿ ನೀರಿಲ್ಲ. ಏನೇ ಇದ್ದರೂ ಮೊದಲು ಕಾಕಾನಿಗೆ ಹೇಳುವುದು ರೂಢಿಯಾಗಿಬಿಟ್ಟಿತ್ತು. ವಾಕಿಟಾಕಿಯ ಗುಂಡಿ ಒತ್ತುವ ಮೊದಲೇ ಮಾತು ಶುರು ಮಾಡುವುದು ಹೊಸಬರ ಚಾಳಿ. ಅವಳೂ ಹಾಗೇ ಮಾಡಿದಳು.

"ಕಾಕಾ, ಕಡೀ ಬಾಟ್ಲಿ ಖಾಲಿ."

ಮಲ್ಲಾರಿಗೆ ತಲುಪಿದ್ದು ಕೊನೆಯ ಪದವೊಂದೇ. ಖಾಲಿ. ಕನ್ನಡದಲ್ಲಿ ಅದು ಬರಿದು, ಮರಾಠಿಯಲ್ಲಿ ಕೆಳಗೆ. ಅಕಿವಾಟದಲ್ಲಿ ಈ ಪದಕ್ಕೆ ಯಾರೂ ಎಡವಿದ್ದಿಲ್ಲ. ಇಲ್ಲಿ ಕಾಕಾ ಚೌಕಟ್ಟನ್ನು ಇಳಿಸಿದರು.

ದಾದಾ ಚೀರಿದರು. ಅಂಚು ಬೆರಳುಗಳ ಮೇಲೆ ಕೂತಿತ್ತು. ಹಡಗು ಇನ್ನೊಮ್ಮೆ ವಾಲಿದರೆ ಇಡೀ ಕೈ ಜಜ್ಜಿಹೋಗುತ್ತಿತ್ತು. ಪ್ರೇರಣಾ ವಾಕಿಟಾಕಿಯನ್ನು ಬಾಯಿಗೆ ಹಿಡಿದಳು. ಯಾವ ಭಾಷೆಯಲ್ಲಿ ಹೇಳಲಿ? ಇದೂ ತಪ್ಪಿ ಕೇಳಿಸಿದರೆ? ವಾಕಿಟಾಕಿ ಎಸೆದು, ಒದ್ದೆ ಡೆಕ್ಕಿನಲ್ಲಿ ಜಾರಿ ಬಿದ್ದು, ಎದ್ದು ಓಡಿ ಮಲ್ಲಾರಿಯ ಕಿಟಕಿಯೆದುರು ಎರಡೂ ಕೈ ಮೇಲೆತ್ತಿದಳು. ಎತ್ತುತ್ತಲೇ ಇದ್ದಳು. ಯಂತ್ರ ಗುರುಗುಟ್ಟಿತು, ಚೌಕಟ್ಟು ಮೇಲೆದ್ದಿತು.

ಎರಡು ಬೆರಳು ಮುರಿದಿದ್ದವು. ಕೈ ಉಳಿಯಿತು.

"ಖಾಲಿ ಅಂದ್ಯಲ್ಲ, ತಂಗಿ?" ಮಲ್ಲಾರಿ ಕೇಳಿದರು.

"ಬಾಟ್ಲಿ ಖಾಲಿ ಐತಿ ಅಂತ ಹೇಳೀನ್ರಿ, ಕಾಕಾ."

ಅವರು ತಮ್ಮ ಅಂಗೈಯನ್ನೇ ನೋಡುತ್ತ ಕೂತುಬಿಟ್ಟರು. ಕ್ಯಾಪ್ಟನ್ ವಿಚಾರಿಸಿದಾಗ ಇಬ್ಬರೂ ತಪ್ಪು ನನ್ನದು ಎಂದರು. ಇಬ್ಬರಿಗೂ ಛೀಮಾರಿ ಬಿತ್ತು.

ಮರುದಿನ ಊಟದ ಕೋಣೆಯಲ್ಲಿ ಅವಳು ಅವರೆದುರು ಕೂತಳು. ಮಲ್ಲಾರಿ ಚಹಾದ ಕಿಟಲಿ ಎತ್ತಿಕೊಂಡರು.

"ಚಾಯ್ ಲೇಂಗೇ, ಮೇಡಂ?"

"ಕಾಕಾ, ಹಿಂಗ್ಯಾಕ ಮಾತಾಡ್ತೀರಿ ನನ್ನ ಕೂಡ?"

"ಅಂಜಿಕಿ ಬರ್ತೈತಿ ನಂಗ," ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಸಕ್ಕರೆ ಎಷ್ಟು ಹಾಕಲಿ ಎಂದು ಹಿಂದಿಯಲ್ಲೇ ಕೇಳಿದರು.

ಅವಳು ಲೋಟ ಮುಂದೆ ಚಾಚಿದಳು.

"ಏಕ್ ಚಮ್ಮಚ್," ಎಂದಳು.