ಮೇಲಿನ ಬೀದಿಯಲ್ಲಿ ಅಪ್ಪನ ಸೈಕಲ್ಲು

ಧನುರ್ಮಾಸದ ಚಳಿಯಲ್ಲಿ ಬೆಳ್ಳಂಬೆಳಗ್ಗೆ ಹಳೇ ಸೈಕಲ್ಲಿನವರನ್ನೆಲ್ಲ ಕಟ್ಟಿಕೊಂಡು ಬಡವನಹಳ್ಳಿಯಿಂದ ಮಧುಗಿರಿಗೆ ಸವಾರಿ ಹೋಗುವ ಹುಚ್ಚು ನಮ್ಮೂರ ನಾಗಭೂಷಣನಿಗೆ ಯಾಕೆ ಹಿಡಿಯಿತೋ ಕಾಣೆ. ಮಧುಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಓಡಾಡಲು ಕಾರು, ಹೊಟ್ಟೆ ಕರಗಿಸಲು ಬೇರೆ ದಾರಿ ಸಿಗಲಿಲ್ಲವೇನೋ. ಆದರೆ ಸವಾರರ ಪಟ್ಟಿಗೆ ಅಪ್ಪನ ಹೆಸರು ಕೊಟ್ಟವಳು ನಾನೇ. ಸವಾರಿ ನಮ್ಮೂರಿನ ಮೇಲಿನ ಬೀದಿ ಹಾದು ಹೋಗುತ್ತದೆ ಅಂತ ಗೊತ್ತಾದ ಕೂಡಲೇ ಕೊಟ್ಟೆ.

ಆ ಬೀದಿಯ ಕಥೆ ಅವ್ವ ಹೇಳಿದ್ದು. ನಮ್ಮಪ್ಪ ಪೆದ್ದಣ್ಣ ಪ್ರಾಯದಲ್ಲಿ ಕೊಡಿಗೇನಹಳ್ಳಿಯ ಮೇಷ್ಟ್ರೊಬ್ಬರಿಂದ ಈ ಇಂಗ್ಲೆಂಡಿನ ಸೈಕಲ್ ಕೊಂಡು, ಹೊಸ ಹುರುಪಿನಲ್ಲಿ ಮೇಲಿನ ಬೀದಿಯೊಳಗೆ ಸೀಟಿನ ಮೇಲೆ ಕೂತೇ ಬಂದನಂತೆ. ನಮ್ಮ ಕೇರಿಯವರು ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಕಾಲ. ನಾಗಭೂಷಣನ ಅಪ್ಪ ಬಸವಲಿಂಗಯ್ಯನವರು ಅಡ್ಡ ನಿಂತು, "ಇಷ್ಟೊತ್ತು ಸೈಕಲ್ಲು ನಿನ್ನ ಹೊತ್ಕಂಡು ಬಂತಲ್ಲ, ಈಗ ನೀನು ಅದುನ್ನ ಹೊತ್ಕಂಡೋಗ್ಲಾ" ಅಂದರಂತೆ. ಅಪ್ಪ ಸೈಕಲನ್ನು ತಲೆ ಮೇಲೆ ಹೊತ್ತು ಬೀದಿ ದಾಟಿದ. ಜಗಲಿ ಮೇಲಿನ ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಬೀದಿ ಶುರುವಾಗುವಲ್ಲೇ ಇಳಿದು, ಚಪ್ಪಲಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಸೈಕಲ್ ತಳ್ಳಿಕೊಂಡು ಹೋಗುವುದೇ ಅಭ್ಯಾಸವಾಯಿತು. ಆಮೇಲೆ ಊರಾಚೆ ಡಾಂಬರು ರಸ್ತೆ ಬಂತು, ಆ ಬೀದಿಯ ಹಂಗೇ ತಪ್ಪಿತು.

ಅಪ್ಪನಿಗೀಗ ಎಪ್ಪತ್ತು ದಾಟಿದೆ. ಒಂದು ಸಲ, ಒಂದೇ ಒಂದು ಸಲ, ಆ ಬೀದಿಯನ್ನು ಅವನು ಸೀಟಿನ ಮೇಲೆ ಕೂತು ದಾಟುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಪಾವಗಡದ ಸ್ಕೂಲಿಗೆ ರಜೆ ಹಾಕಿ ಬಂದದ್ದು ಅದಕ್ಕೇ.

ಸವಾರಿಯ ದಿನ ಬಡವನಹಳ್ಳಿಯಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು. ಅಂಥದ್ದರಲ್ಲೂ ಅಪ್ಪನ ಸ್ವೆಟರ್ ನಾಗಭೂಷಣನ ಕಣ್ಣಿಗೆ ಬಿತ್ತು.

"ಪೆದ್ದಣ್ಣ, ಇದುನ್ನ ತೆಗ್ದ್‌ಬುಡು. ಎಲ್ಲಾ ಹಳೇ ಕಾಲದಂಗೆ ಕಾಣ್ಬೇಕು, ವಿಡಿಯೋ ಐತೆ."

"ನಿಮ್ಮ ಕೋಟು?" ಅಂದೆ.

"ಇದು ನಮ್ ತಾತುಂದು ಕಣಮ್ಮ, ಹಳೇದೇ."

ಅವರ ತಾತನಿಗೆ ಉಣ್ಣೆ ಕೋಟಿತ್ತು, ನಮ್ಮ ತಾತನಿಗೆ ಮೈ ಮಾತ್ರ ಇತ್ತು. ಅಪ್ಪ ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟು, ಬರೀ ಬನಿಯನ್, ಪಂಚೆಯಲ್ಲೇ ಸೈಕಲ್ ಹತ್ತಿದ. ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ. ಮುದುಕ ಏನು ತುಳಿದ ಅಂತೀರಿ! ಗಂಟೆ ಬಾರಿಸಿಕೊಂಡು ನಾಗಭೂಷಣನನ್ನೇ ಹಿಂದೆ ಹಾಕಿದ. ನನಗೆ ಖುಷಿ ತಡೆಯಲಿಲ್ಲ.

ಮೇಲಿನ ಬೀದಿ ಬಂತು. ಅಪ್ಪ ಬ್ರೇಕ್ ಹಿಡಿದ. ಇಳಿದ. ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ಸಿಕ್ಕಿಸಿ, ತಣ್ಣನೆ ಕಲ್ಲಿನ ಮೇಲೆ ಬರಿಗಾಲಲ್ಲಿ ತಳ್ಳುತ್ತಾ ನಡೆದ. ಹಿಂದೆ ಬಂದ ಸವಾರರು ಚಪ್ಪಾಳೆ ಹೊಡೆದರು.

"ಆಹಾ, ಸಂಸ್ಕಾರ ಅಂದ್ರೆ ಇದಪ್ಪ!" ಅಂದ ನಾಗಭೂಷಣ. "ವಿಡಿಯೋದೋನು ಮುಂದ್ಕೋಗಿದ್ದ, ತಪ್ಪೋಯ್ತು. ಪೆದ್ದಣ್ಣ, ಇನ್ನೊಂದ್ಸಲ ಇಳ್ದು ತೋರ್ಸು."

ಅಪ್ಪ ಹಿಂದಕ್ಕೆ ಹೋಗಿ, ಹತ್ತಿ, ಬಂದು, ಇಳಿದ. ಚಪ್ಪಲಿ ಸರಿಯಾಗಿ ಕಾಣಲಿಲ್ಲವಂತೆ. ಮತ್ತೆ ಇಳಿದ. ಅವನ ಹಲ್ಲು ಕಟಕಟ ಅನ್ನುವುದು ನನಗೇ ಕೇಳುತ್ತಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಬಸವಲಿಂಗಯ್ಯನವರು, "ಲೇ, ಅವತ್ತಿನಂಗೆ ತಲೆ ಮ್ಯಾಲೆ ಹೊರುಸ್ರೋ, ಚೆಂದಾಗಿರ್ತದೆ" ಅಂದರು.

"ಈಗೆಲ್ಲಾಯ್ತದೆ ಬುದ್ಧಿ, ಸೊಂಟ ಬಿದ್ದೋಗೈತೆ" ಅಂದ ಅಪ್ಪ. ಅಂದು ನಕ್ಕ. ಆ ನಗು ನೋಡಿ ನನ್ನ ಮೈ ಉರಿದುಹೋಯಿತು.

ಹ್ಯಾಂಡಲ್ಲಿನಿಂದ ಚಪ್ಪಲಿ ಕಿತ್ತು ಅವನ ಕಾಲ ಮುಂದೆ ಎಸೆದೆ. "ಮೆಟ್ಕೊ! ಹತ್ತು ಮ್ಯಾಕೆ! ನಾಚ್ಕೆ ಆಗಲ್ವೇನಪ್ಪ? ನಾಯಿ ಬಾಳು ಬಾಳಿದ್ದು ಸಾಲ್ದು ಅಂತ ಅದುನ್ನ ವಿಡಿಯೋಗೂ ಮಾಡಿ ತೋರುಸ್ತೀಯಾ?"

ವಿಡಿಯೋ ನಡೆಯುತ್ತಲೇ ಇತ್ತು.

"ಹೆತ್ತಪ್ಪನ್ನ ಹಿಂಗಾ ಬೈಯೋದು? ಇದೇನಾ ನೀನು ಓದಿದ್ದು?" ಅಂದರು ಬಸವಲಿಂಗಯ್ಯನವರು, ಬಹಳ ಬೇಜಾರಿನಿಂದ.

ಅಪ್ಪ ಬಗ್ಗಿ ಚಪ್ಪಲಿ ಎತ್ತಿಕೊಂಡ. ಧೂಳು ಒರೆಸಿ ಮತ್ತೆ ಹ್ಯಾಂಡಲ್ಲಿಗೆ ಸಿಕ್ಕಿಸಿ, ಬೀದಿ ಮುಗಿಯುವ ತನಕ ತಳ್ಳಿಕೊಂಡೇ ನಡೆದ. ಹಾಲಿನ ಡೈರಿ ದಾಟಿದ ಮೇಲೆ ನಿಂತು ಮೆಟ್ಟಿಕೊಂಡ. ನಾನು ಸ್ವೆಟರ್ ಹಿಡಿದು ಹತ್ತಿರ ಹೋದೆ. ಅವನು ಕೈ ಚಾಚಲಿಲ್ಲ.

"ಅವ್ರು ಚಪ್ಪಾಳೆ ಹೊಡುದ್ರು ಕಣಮ್ಮ" ಅಂದ. "ಆ ಬೀದೀಲಿ ಇವತ್ತು ನನ್ ಮರ್ವಾದೆ ಕಳ್ದೋಳು ನೀನೊಬ್ಳೇ."

ಅಷ್ಟು ಹೇಳಿ ಸೈಕಲ್ ಹತ್ತಿ, ಬನಿಯನ್ನಿನಲ್ಲೇ ಮಧುಗಿರಿ ಕಡೆ ತುಳಿದುಕೊಂಡು ಹೋದ. ಸ್ವೆಟರ್ ನನ್ನ ಕೈಯಲ್ಲೇ ಉಳಿಯಿತು.