ಹೆಸರು ಹಿಡಿದು

ಮತ್ತೆ ಎಡಕ್ಕೆ ವಾಲಿದರು, ಬೀಳುತ್ತಾರೆ, ಇಲ್ಲ, ಬೇಲಿಯ ಗೂಟ ಹಿಡಿದು ನೆಟ್ಟಗಾದರು, ಮಕ್ತಲದ ದಾರಿ ಹಿಡಿದೇಬಿಟ್ಟರು ನನ್ನ ಗಂಡ, ನಾನು ಜೋಳದ ಹಿಟ್ಟು ಅಂಟಿದ ಕೈಯಲ್ಲೇ ಸೀರೆ ಎತ್ತಿ ಓಡುತ್ತಿದ್ದೇನೆ, ಬೆಳಿಗ್ಗೆ ಡಂಗುರದವನು ಓಣಿ ಓಣಿ ಸಾರಿ ಹೋದ — ನಿಜಾಮನ ರಜಾಕಾರರನ್ನ ಹುಡುಕಾಕ ದಂಡಿನವರು ಬಂದಾರ, ನಿಂದ್ರು ಅಂದ್ರ ನಿಂದ್ರಬೇಕು, ಕೈ ಮ್ಯಾಲೆ ಮಾಡಬೇಕು, ಇಲ್ಲಾಂದ್ರ ಗುಂಡು — ನಮ್ಮ ಬಾಗಿಲಲ್ಲೇ ನಿಂತು ಡಂಗುರ ಹೊಡೆದ, ಇವರು ಮಗ್ಗದ ಕುಣಿಯಲ್ಲಿ ಕೂತು ಎಳೆ ಜೋಡಿಸುತ್ತಿದ್ದರು, ತಲೆ ಎತ್ತಲಿಲ್ಲ, ರೊಟ್ಟಿ ಮುಗಿಸಿ ಸನ್ನೆ ಮಾಡಿ ಹೇಳೋಣ ಅಂದುಕೊಂಡೆ, ನೋಡಿದರೆ ಕುಣಿ ಖಾಲಿ, ರೇಷ್ಮೆ ತೀರಿತ್ತು, ತರಲು ಹೊರಟಿದ್ದಾರೆ, ಏನ್ರೀ, ನಿಂದರ್ರೀ, ಯಾರಿಗೆ ಕೂಗುತ್ತೇನೆ, ಕಿವಿ ಜ್ವರದ ಜೊತೆಗೇ ಹೋಯಿತಲ್ಲ, ಆ ಜ್ವರದಲ್ಲಿ ಇವರು ಕುತ್ತಿಗೆ ಬಾಗುತ್ತಿಲ್ಲ ಎಂದ ದಿನ ಅತ್ತೆ ತುಳಸಮ್ಮ ನಕ್ಕರು, ಕುಣ್ಯಾಗ ಕುಂತು ಕುಂತು ಕುತ್ತಿಗಿ ಹಿಡದೈತಿ ಬಿಡವ್ವ, ನೇಕಾರಗ ಇದ್ದದ್ದ, ಎಣ್ಣಿ ಹಚ್ಚಿ ತಿಕ್ಕು, ತಿಕ್ಕಿದೆ, ಕಿರುಚಿದರು, ಉಳುಕು ಬಿಡುತ್ತಿದೆ ಎಂದು ಇನ್ನೂ ಜೋರಾಗಿ ತಿಕ್ಕಿದೆ, ಬೆಳಕು ಚುಚ್ಚುತ್ತದೆ ಎಂದು ಗೋಡೆಗೆ ಮುಖ ಮಾಡಿ ವಾಂತಿ ಮಾಡಿಕೊಂಡರು, ಮೈ ಕಾದ ಹೆಂಚು, ಸತ್ತ ಅಪ್ಪನ ಜೊತೆ ಮಾತಾಡಿದರು, ಗದ್ವಾಲದಿಂದ ಬಂದ ಡಾಕ್ಟರು ದಿಂಬಿನಿಂದ ಇವರ ತಲೆ ಎತ್ತಿದ ಕೂಡಲೇ ಎರಡೂ ಮೊಣಕಾಲು ತಾವಾಗಿ ಮಡಚಿ ಬಂದವು, ಇದು ಉಳುಕಲ್ಲಬೇ, ಮಿದುಳಿನ ಪೊರಿಗೆ ಬಾವು ಬಂದೈತಿ, ಇಷ್ಟು ದಿನ ಏನ್ ಮಾಡಿದ್ರಿ, ಎಣ್ಣೆಯ ಬಟ್ಟಲನ್ನು ಕಾಲಿನಿಂದ ಮೂಲೆಗೆ ಸರಿಸಿದೆ, ಗುಳಿಗೆ, ಸೂಜಿ, ಬದುಕಿದರು, ಎದ್ದು ಕೂತು ಕೇಳಿದರು, ಯಾಕ ಎಲ್ಲಾರೂ ಸುಮ್ಮನ ಕುಂತೀರಿ — ನಾವೆಲ್ಲ ಆಗ ಗೊಳೋ ಎಂದು ಅಳುತ್ತಿದ್ದೆವು.

ಕಾಲಿಗೂ ನೆಲ ಮರೆತುಹೋಯಿತು, ನಡೆದರೆ ಓಲಾಟ, ಎದುರುಮನೆ ಕರಿಬಸಯ್ಯ ಒಂದು ದಿನ ಕಟ್ಟೆಯ ಮೇಲಿಂದ, ಏನಪಾ, ಮುಂಜಾನಿಗೇ ಸೇಂದಿ ಏರಿಸೀದಿ, ಕೊರಳಾಗಿನ ಲಿಂಗ ಬಿಚ್ಚಿಟ್ಟು ಬಂದೀ ಹೆಂಗ, ಕಟ್ಟೆ ಪೂರಾ ನಗು, ಏನೂ ಕೇಳದೆ ಇವರೂ ಕೂಡಿ ನಕ್ಕರು, ಹಲ್ಲು ಕಾಣುವ ಹಾಗೆ — ಅದೋ ಹುಣಸೆ ಮರ, ನೆರಳಲ್ಲಿ ಖಾಕಿ, ಅತ್ತಿತ್ತ ನೋಡಿದರೆ ಬೀಳುತ್ತಾರೆ, ಅದಕ್ಕೇ ತಮ್ಮ ಕಾಲನ್ನೇ ನೋಡುತ್ತ ದಂಡಿನವರನ್ನು ದಾಟಿಯೇಬಿಟ್ಟರು, ಹಿಂದಿನಿಂದ ಸಿಪಾಯಿ, ಠೈರೋ, ಮತ್ತೆ ಠೈರೋ, ಹಾಥ್ ಊಪರ್, ಇವರು ನಡೆಯುತ್ತಲೇ ಇದ್ದಾರೆ, ಬಂದೂಕು ಭುಜಕ್ಕೆ ಏರಿತು, ಸಾಹೇಬ್ರ, ಕಿವುಡ್ರೀ ಅವ್ರು, ಕಿವಿ ಕೇಳಂಗಿಲ್ರೀ, ನನ್ನ ಕನ್ನಡ ಅವನಿಗೆ ಯಾವ ದೇಶದ್ದೋ, ವಿನಪಡದು ಸಾಬ್, ತೆಲುಗೂ ತಿಳಿಯದು, ಕಿವುಡನಿಗೆ ಉರ್ದುವಿನಲ್ಲಿ ಏನೆನ್ನುತ್ತಾರೆ, ಸಂತೆಯಲ್ಲಿ ಎಷ್ಟೋ ಸಲ ಕೇಳಿದ ಮಾತು, ಬರುತ್ತಿಲ್ಲ, ಬಾಯಿಗೆ ಬರುತ್ತಿಲ್ಲ, ಮದುವೆಯಾದಾಗಿನಿಂದ ಏನ್ರೀ ಬಿಟ್ಟು ಬೇರೆ ಕರೆದವಳಲ್ಲ, ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಮ್ಮಿ, ಆ ಹೆಸರೇ ಬಾಯಿಂದ ಹೊರಟೇಬಿಟ್ಟಿತು, ಮೊಗುಲಪ್ಪಾ, ದಾರಿ ತುಂಬ ಅವರ ಹೆಸರು, ಮೊಗುಲಪ್ಪಾ, ಸಿಪಾಯಿ ಕೂಡ ತಿರುಗಿ ನನ್ನನ್ನು ನೋಡಿದ, ಮರದ ಕಾಗೆಗಳು ಎದ್ದವು, ಇವರ ಬೆನ್ನು ಮಾತ್ರ ತಿರುಗಲಿಲ್ಲ, ಅಂಗಿಯ ಬೆನ್ನಿನಲ್ಲಿ ಬೆವರಿನ ಕಲೆ, ಅಂಗೈಯಗಲ, ಬಂದೂಕು ಮತ್ತೆ ಅತ್ತ ಹೊರಳಿತು, ಅದರ ತುದಿ ಆ ಕಲೆಗೇ ನೆಟ್ಟಿತು, ಮೊಗುಲಪ್ಪಾ, ಆ ಕಲೆ, ಬಿಳಿ ಅಂಗಿಯಲ್ಲಿ ಅಂಗೈಯಗಲದ ಆ ಕಲೆ, ಆ ಕಲೆ