ಎಂಟಕ್ಕೊಂದು ಟಕ್

ನನ್ನ ಹೊಲಿಗೆ ಯಂತ್ರ ಹದಿನೈದು ದಿನದಿಂದ ಟಕ್ ಎನ್ನುತ್ತಿತ್ತು. ಚೆನ್ನಾಗಿಯೇ ಓಡುತ್ತ, ನಡುವೆ ಎಡವುತ್ತಿತ್ತು. ನಮ್ಮ ಬೀದಿಯ ರಿಪೇರಿಯವನು ತನ್ನ ಅಂಗಡಿಯಲ್ಲಿ ಇಟ್ಟುಕೊಂಡು ಮೂರು ಸಲ ಬಿಚ್ಚಿ ಜೋಡಿಸಿದ. ಸೂಜಿ ಬದಲಾಯಿಸಿದ, ಎಣ್ಣೆ ಬಿಟ್ಟ. ಟಕ್ ಹೋಗಲಿಲ್ಲ. ನಾನು ಹೋದಾಗಲೆಲ್ಲ ಇರುವ ಒಂದೇ ಸ್ಟೂಲನ್ನು ಒರೆಸಿ ನನಗೆ ಕೊಟ್ಟು, ತಾನು ನಿಂತೇ ಕೆಲಸ ಮಾಡುವ ಮನುಷ್ಯ ಅವನು.

ಅಂದು ಸಂಜೆ ಅವನ ಎಣ್ಣೆ ಡಬ್ಬಿಯ ಕೆಳಗೆ ಶಾಲೆಯ ಚೀಟಿಯೊಂದಿತ್ತು. ಆರನೇ ತರಗತಿಯ ಸಂಗೀತ, ಚಿತ್ರಕಲೆಯ ಪೀರಿಯಡ್ ತೆಗೆದು ಗಣಿತಕ್ಕೆ ಕೊಡಲು ಪೋಷಕರ ಒಪ್ಪಿಗೆ ಇದೆಯೇ, ನಾಳೆ ಬರೆದು ಕಳುಹಿಸಿ ಎಂದು. ಅವನ ಮಗಳು ನೆಲದ ಮೇಲೆ ಕುಳಿತು ಹಳೆಯ ಸ್ಕ್ರೂಗಳನ್ನು ವಿಂಗಡಿಸುತ್ತಿದ್ದಳು. ಕಣ್ಣು ಮಾತ್ರ ಚೀಟಿಯ ಮೇಲೆ.

"ಸಹಿ ಹಾಕ್ತೀಯೇನಪ್ಪಾ?" ಎಂದೆ.

"ಹಾಕ್ದೆ ಇನ್ನೇನಮ್ಮಾ? ಹಾಡು ಹೇಳಿದ್ರೆ ಸೂಜಿಗೆ ದಾರ ತಾನಾಗೇ ಪೋಣಿಸ್ಕೊಳ್ಳುತ್ತಾ? ಇವಳು ಲೆಕ್ಕದಲ್ಲಿ ಪಾಸಾಗೋದೇ ಕಷ್ಟ. ಇಪ್ಪತ್ನಾಲ್ಕು ಗಂಟೆ ತಾಳ ಹಾಕೋದೊಂದು ಗೊತ್ತು."

"ಅವಳು ಏನು ಕಲೀತಾಳೆ ಅಂತ ಒಂದು ದಿನ ಕೇಳಿದ್ದೀಯಾ?"

"ಪುರಸೊತ್ತೆಲ್ಲಿ? ನಿಮ್ಮ ಮಷೀನೇ ನನ್ನ ಕಿವಿ ತಿಂತಾ ಇದೆ."

ಅವನು ಯಂತ್ರ ತುಳಿದ. ಟಕ್.

"ಅಪ್ಪಾ, ನಿಧಾನಕ್ಕೆ ತುಳಿ," ಎಂದಳು ಮಗಳು.

"ಯಾಕೆ, ಅದರ ಜೊತೆ ಹಾಡ್ತೀಯಾ?"

"ಇಲ್ಲ, ಎಣಿಸ್ತೀನಿ."

ಸೂಜಿ ಇಳಿದಾಗಲೆಲ್ಲ ಅವಳು ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ ಹೋದಳು. ನಾಲ್ಕೈದು ಸುತ್ತು ಆದ ಮೇಲೆ ಹೇಳಿದಳು: "ಸುಮ್ಸುಮ್ನೆ ಎಡವ್ತಾ ಇಲ್ಲ ಅಪ್ಪಾ. ಸೂಜಿ ಎಂಟು ಸಲ ಇಳಿದ್ರೆ ಒಂದು ಸಲ ಟಕ್ ಅನ್ನುತ್ತೆ. ಎಂಟಕ್ಕೆ ಒಂದು ಸಲ ಸುತ್ತೋದು ಇದರಲ್ಲಿ ಏನಿದೆ?"

ಅವನ ಕಾಲು ನಿಂತಿತು. ಸೂಜಿಯಲ್ಲ, ಅದರ ಜೊತೆಗೇ ಸುತ್ತುವ ಮೇಲಿನ ಚಕ್ರವೂ ಅಲ್ಲ. ಕಣ್ಣು ನಿಧಾನವಾಗಿ, ಮೇಲಿನ ಕೆಳಗಿನ ಚಕ್ರಗಳನ್ನು ಬಳಸಿ ಸುತ್ತುವ ಉದ್ದನೆಯ ಬೆಲ್ಟಿನ ಮೇಲೆ ಇಳಿಯಿತು. ಬೆಲ್ಟಿನ ಎರಡು ತುದಿ ಸೇರಿಸುವ ತಂತಿಯ ಕೊಂಡಿ ಒಂದು ಕಡೆ ಎದ್ದಿತ್ತು. ಮೇಲಿನ ಚಕ್ರವನ್ನು ಹಾಯುವಾಗಲೆಲ್ಲ ಬಡಿಯುತ್ತಿತ್ತು. ಒಳಗೆಲ್ಲ ಹುಡುಕಿದ್ದ ತಪ್ಪು ಹೊರಗೇ ಸುತ್ತುತ್ತಿತ್ತು. ಇಕ್ಕಳದಿಂದ ಒತ್ತಿ ಮತ್ತೆ ತುಳಿದ. ಯಂತ್ರ ಒಂದೇ ಸಮ ಓಡಿತು.

"ಯಾರೇ ಹೇಳ್ಕೊಟ್ಟಿದ್ದು ನಿಂಗೆ?"

"ಸಂಗೀತದ ಮೇಷ್ಟ್ರು. ಮೊದಲು ಕೇಳು, ಆಮೇಲೆ ಎಣಿಸು, ಕೊನೆಗೆ ಬಾಯಿ ತೆಗಿ ಅಂತಾರೆ."

"ನಾನು ಮೊದಲೇ ಸ್ಕ್ರೂ ತೆಗೀತೀನಿ," ಎಂದು ಅವನು ನಕ್ಕ.

"ಅಲ್ಲಿ ಹಾಡೊಂದೇ ಕಲಿಸೋದಲ್ಲಪ್ಪಾ," ಎಂದೆ. "ನಾಲ್ಕು ಜನರ ದನಿಗೆ ದನಿ ಸೇರಿಸೋದು, ತನ್ನ ಸರದಿಗೆ ಕಾಯೋದು, ಎಲ್ಲರೆದುರು ಹೆದರದೆ ನಿಲ್ಲೋದು ಕೂಡ ಕಲೀತಾರೆ. ಚಿತ್ರ ಬರೆಯೋ ಮಗು ನೋಡೋದನ್ನ ಕಲಿಯುತ್ತೆ. ಲೆಕ್ಕಕ್ಕೆ ಇವಳನ್ನ ಸಂಜೆ ನನ್ನ ಹತ್ರ ಕಳಿಸು."

ಅವನು ಕೈ ಒರೆಸಿಕೊಂಡು ಚೀಟಿಯ ಮೇಲೆ ಬರೆದ: "ಒಪ್ಪಿಗೆ ಇಲ್ಲ. ಎರಡೂ ಬೇಕು. ನಾನೇ ಬಂದು ಹೇಳುತ್ತೇನೆ." ಪಕ್ಕದಲ್ಲಿ ಹೆಬ್ಬೆರಳಿನ ಎಣ್ಣೆಯ ಗುರುತು ಉಳಿಯಿತು.

ಹೇಳಿದಂತೆ ಹೋದ. ಶಾಲೆಯ ಪೋಷಕರ ಸಭೆಯಲ್ಲಿ ಎದ್ದು ನಿಂತು ಬೆಲ್ಟಿನ ಕಥೆ ಹೇಳಿದನಂತೆ. ಪೀರಿಯಡ್ ಉಳಿಯಿತು. ಈಗ ಅಂಗಡಿಗೆ ಬಂದವರಿಗೆಲ್ಲ, "ಸ್ವಲ್ಪ ಇರಿ, ನನ್ನ ಮಗಳು ಬಂದು ಒಂದ್ಸಲ ಕೇಳ್ಲಿ," ಎನ್ನುತ್ತಾನೆ.

ನಿಮ್ಮ ಮನೆಗೂ ಅಂಥ ಚೀಟಿ ಬಂದೀತು. ಸಹಿಗೆ ಮುಂಚೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ವಾರ ಕಲಿತದ್ದನ್ನು ಹಾಡಿಸಿ, ಬರೆದ ಚಿತ್ರವನ್ನು ತೋರಿಸಲು ಹೇಳಿ. ನಿಮ್ಮ ಶಾಲೆಯಲ್ಲಿ ಸಂಗೀತ, ಚಿತ್ರಕಲೆ ಇಲ್ಲವೇ? ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೆಲಸದಿಂದ ನೇರವಾಗಿ ಹೋಗಬೇಕಾದರೆ, ಕೈಗೆ ಎಣ್ಣೆ ಮೆತ್ತಿದ್ದರೂ ಪರವಾಗಿಲ್ಲ, ಹಾಗೇ ಹೋಗಿ.